ಶೋಧನೆಯ ದಿನಗಳಲ್ಲಿ ಪ್ರಾರ್ಥನೆ ಮಾಡುವುದು ಹೇಗೆ? ಕಷ್ಟದಲ್ಲಿರುವವರಿಗೆ, ಮನಸ್ಸು ಜಾರುತ್ತಿರುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಅಪ್ಪಾಜಿ 19 ದಿನ ಐಸಿಯುನಲ್ಲಿದ್ದರು. ರಾತ್ರಿ ಹೊರಗಿನ ಬೆಂಚಿನ ಮೇಲೆ ಒಬ್ಬರಿಗಷ್ಟೇ ಕೂರಲು ಬಿಡುತ್ತಿದ್ದರು. ಆ ಸರದಿ ಹೆಚ್ಚಾಗಿ ನನ್ನದೇ. ನಾನು ಸಂಡೇ ಸ್ಕೂಲಿನಲ್ಲಿ ಬೆಳೆದವನು. ಮನೆಯಲ್ಲಿ ದಿನಾ ಸಂಜೆ ಕುಟುಂಬ ಪ್ರಾರ್ಥನೆ ಇರುತ್ತಿತ್ತು. ಸಭೆಯಲ್ಲಿ ಎದ್ದು ಪ್ರಾರ್ಥಿಸು ಅಂದರೆ ಹತ್ತು ನಿಮಿಷ ತಡವರಿಸದೆ ಪ್ರಾರ್ಥಿಸುತ್ತಿದ್ದೆ. ಆದರೆ ಆ ಬೆಂಚಿನ ಮೇಲೆ ಕಣ್ಣು ಮುಚ್ಚಿದರೆ ಒಂದು ಮಾತೂ ಬರಲಿಲ್ಲ. "ಕೃಪಾಳುವಾದ ದೇವರೇ" ಅನ್ನುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಒಳಗೆ ಕೃಪೆಯ ನೆನಪು ಇರಲಿಲ್ಲ, ಸಿಟ್ಟು ಇತ್ತು.

ಪಕ್ಕದಲ್ಲಿ ಸೊಸೆಗಾಗಿ ಕಾಯುತ್ತಿದ್ದ ಒಬ್ಬ ಅಜ್ಜಿ ಇದ್ದರು. ಗದಗದ ಕಡೆಯವರು, ಅವರೂ ಕ್ರೈಸ್ತರೇ. ಮೂರನೆಯ ರಾತ್ರಿ ನನ್ನ ಕಡೆ ತಿರುಗಿ, "ತಮ್ಮಾ, ದೇವರ ಮುಂದ ಯಾಕ ಛಂದ ಮಾತಾಡಾಕ ಹೋಗ್ತಿ? ಹೊಟ್ಟ್ಯಾಗ ಏನೈತಿ ಅದನ್ನ ಹೇಳು" ಅಂದರು. ಆಮೇಲೆ ತಮ್ಮ ಚೀಲದಿಂದ ಹಳೆಯ ಸತ್ಯವೇದ (ಬೈಬಲ್) ತೆಗೆದು 13ನೇ ಕೀರ್ತನೆಯ ಮೇಲೆ ಬೆರಳಿಟ್ಟು ನನ್ನ ಕೈಗೆ ಕೊಟ್ಟರು. ನಾನು ಪ್ರಾರ್ಥನೆಯನ್ನು ಮತ್ತೆ ಮೊದಲಿಂದ ಕಲಿತದ್ದು ಆ ರಾತ್ರಿಯಿಂದ. ಆಗ ಕಲಿತದ್ದನ್ನು, ಆಮೇಲಿನ ವರ್ಷಗಳಲ್ಲಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯವರಿರಲಿ, ಕಥೋಲಿಕರಿರಲಿ, ಪೆಂತೆಕೋಸ್ತಿನವರಿರಲಿ, ಇದರಲ್ಲಿ ಹೆಚ್ಚಿನದು ನಿಮಗೂ ಹೊಂದುತ್ತದೆ.

## ಮೊದಲು ಕೇಳಿಕೊಳ್ಳಿ: ಇದು ನೋವೋ, ಸೆಳೆತವೋ?

ನಮ್ಮಲ್ಲಿ ಕಾಯಿಲೆ ಬಂದರೂ "ಶೋಧನೆ ಬಂತು" ಅನ್ನುತ್ತೇವೆ. ಮನಸ್ಸು ಪಾಪದ ಕಡೆ ಎಳೆದರೂ ಅದೇ ಪದ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಪೈರಾಸ್ಮೊಸ್' ಎಂಬ ಪದಕ್ಕೂ ಈ ಎರಡು ಅರ್ಥ ಇವೆ. ನನಗೆ ಇದು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಯಾಕೆಂದರೆ ಜೀವನದಲ್ಲಿ ಇವೆರಡೂ ಜೊತೆಗೇ ಬರುತ್ತವೆ. ನನ್ನ ಕಥೆಯೇ ನೋಡಿ. ಆಸ್ಪತ್ರೆ ಬಿಲ್ಲು ಏರಿತು, ನಿದ್ದೆ ಹೋಯಿತು. ನಿದ್ದೆ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ ಶುರು ಮಾಡಿದೆ. ಮೊದಲು ಇನ್ನೂರು, ಆಮೇಲೆ ಎರಡು ಸಾವಿರ. ಅಪ್ಪಾಜಿಯ ನೋವಿನಲ್ಲಿ ನಾನು ಕುಗ್ಗಿದ್ದೆ, ಆ ಕುಗ್ಗಿದ ಜಾಗದಿಂದಲೇ ಆಟದ ಆಸೆ ಒಳಗೆ ಬಂತು.

ಎರಡಕ್ಕೂ ಪ್ರಾರ್ಥನೆ ಬೇಕು. ಆದರೆ ಮಾಡುವ ರೀತಿ ಬೇರೆ. ನೋವಿಗೆ ಸಮಯ ಕೊಡಬೇಕು, ಅದನ್ನು ಪೂರ್ತಿ ಹೊರಗೆ ಬಿಡಬೇಕು. ಸೆಳೆತದ ಜೊತೆ ಕೂತು ಮಾತಾಡಬಾರದು, ಬೇಗ ಅಲ್ಲಿಂದ ಏಳಬೇಕು. ಆದ್ದರಿಂದ ನಿಮ್ಮದು ಈಗ ನೋವಾಗಿದ್ದರೆ ಕ್ರಮವಾಗಿ ಓದುತ್ತಾ ಹೋಗಿ. ಈ ಕ್ಷಣ ಯಾವುದೋ ತಪ್ಪಿನ ಕಡೆ ಕೈ ಚಾಚುತ್ತಿದ್ದರೆ ನೇರ 5ನೇ ಹಂತಕ್ಕೆ ಹೋಗಿ. ಎರಡೂ ಇದ್ದರೂ ಮೊದಲು 5ನೇ ಹಂತವೇ.

ಒಂದು ಸಂದೇಹ ತುಂಬಾ ಜನರಿಗಿದೆ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಮ್ಮನ್ನು ಶೋಧನೆಯೊಳಗೆ ಸೇರಿಸದೆ" ಅನ್ನುತ್ತೇವಲ್ಲ, ಹಾಗಾದರೆ ದೇವರೇ ನಮ್ಮನ್ನು ಪಾಪದೊಳಗೆ ತಳ್ಳುತ್ತಾನಾ? ಇಲ್ಲ. ದೇವರು ಯಾರನ್ನೂ ಪಾಪಕ್ಕೆ ಪ್ರೇರೇಪಿಸುವುದಿಲ್ಲ ಎಂದು ಯಾಕೋಬನ ಪತ್ರಿಕೆಯ 1ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಇದೇ ಗೊಂದಲ ತಪ್ಪಿಸಲು ಇಟಲಿಯ ಕಥೋಲಿಕ ಸಭೆ 2020ರಲ್ಲಿ ಪೂಜೆಯ ಪುಸ್ತಕದಲ್ಲಿ ಈ ಸಾಲನ್ನು "ನಮ್ಮನ್ನು ಶೋಧನೆಯ ಕೈಗೆ ಬಿಟ್ಟುಬಿಡಬೇಡ" ಎಂಬ ಅರ್ಥ ಬರುವಂತೆ ಬದಲಿಸಿತು. ನೀವು ಆ ಸಾಲು ಹೇಳುವಾಗ ಮನಸ್ಸಿನಲ್ಲಿ ಈ ಅರ್ಥ ಇಟ್ಟುಕೊಳ್ಳಿ.

## ಹಂತ 1: ಊಟ ಮಾಡಿದ್ದೀರಾ? ಮಲಗಿದ್ದೀರಾ?

ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಜೀವ ಉಳಿಸಿಕೊಳ್ಳಲು ಓಡಿ ಅಡವಿ ಸೇರುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ದೇವರು ಅವನಿಗೆ ಬುದ್ಧಿವಾದ ಹೇಳಲಿಲ್ಲ. ದೂತನೊಬ್ಬ ಬಂದು ಅವನನ್ನು ತಟ್ಟಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಎರಡನೆಯ ಸಲವೂ ಅದೇ. ದೇವರ ಮಾತು ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಹಾಗಾಗಿ ಮೊದಲು ಏನಾದರೂ ತಿನ್ನಿ. ಆಗುವುದಾದರೆ ಒಂದು ಗಂಟೆ ಮಲಗಿ. ವೈದ್ಯರು ಕೊಟ್ಟ ಮಾತ್ರೆ ಇದ್ದರೆ ತೆಗೆದುಕೊಳ್ಳಿ. ಕಷ್ಟದ ಮೊದಲ ದಿನಗಳಲ್ಲೇ ಉಪವಾಸ ಹಿಡಿಯುವವರನ್ನು ಕಂಡಿದ್ದೇನೆ. ಉಪವಾಸ ಒಳ್ಳೆಯದೇ. ಆದರೆ ಮೂರು ರಾತ್ರಿ ನಿದ್ದೆ ಕೆಟ್ಟವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅದು ಬೇಡ.

## ಹಂತ 2: ಇದ್ದದ್ದನ್ನು ಇದ್ದ ಹಾಗೆ ಹೇಳಿ

ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಎಷ್ಟೋ ಜನ ಪ್ರಾರ್ಥನೆ ಬಿಡುವುದು ನಂಬಿಕೆ ಹೋದದ್ದರಿಂದ ಅಲ್ಲ. ದೇವರ ಮುಂದೆ ನಟಿಸಿ ನಟಿಸಿ ಸುಸ್ತಾಗಿ ಬಿಡುತ್ತಾರೆ. ಒಳಗೆ ಬೆಂಕಿ ಇಟ್ಟುಕೊಂಡು ಬಾಯಲ್ಲಿ ಸ್ತೋತ್ರ ಹೇಳುವುದು ಎಷ್ಟು ದಿನ ಸಾಧ್ಯ?

ಕೀರ್ತನೆಗಳ ಪುಸ್ತಕ ತೆರೆದು ನೋಡಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಾಟವೇ. ಅಜ್ಜಿ ನನಗೆ ತೋರಿಸಿದ 13ನೇ ಕೀರ್ತನೆ ಬರೀ ಆರು ವಚನದ್ದು. ಮೊದಲ ಎರಡು ವಚನಗಳಲ್ಲಿ "ಇನ್ನೆಷ್ಟರವರೆಗೆ?" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನೀನು ನನ್ನನ್ನು ಮರೆತಿದ್ದೀಯಾ, ಮುಖ ಮರೆಮಾಡಿಕೊಂಡಿದ್ದೀಯಾ ಎಂದು ಕೀರ್ತನೆಗಾರ ದೇವರನ್ನೇ ನೇರವಾಗಿ ಕೇಳುತ್ತಾನೆ. ಮುಂದಿನ ಎರಡು ವಚನಗಳಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಭರವಸೆ. ಕಷ್ಟ ಇನ್ನೂ ಮುಗಿದಿಲ್ಲ, ಆದರೂ ಹಾಡುತ್ತೇನೆ ಅನ್ನುತ್ತಾನೆ.

ಇದೇ ಅಚ್ಚಿನಲ್ಲಿ ನಿಮ್ಮ ಪ್ರಾರ್ಥನೆ ಬರೆಯಿರಿ. ಹಾಳೆ ತೆಗೆದುಕೊಂಡು ನಿಜವಾಗಿ ಬರೆಯಿರಿ. ಮನಸ್ಸಿನಲ್ಲೇ ಮಾಡಿದರೆ ಆಲೋಚನೆ ಸುತ್ತಿದಲ್ಲೇ ಸುತ್ತುತ್ತದೆ.

ಮೊದಲು ದೇವರನ್ನು ಕರೆಯಿರಿ. ಕೆಲವರು ನೀನು ಅನ್ನುತ್ತಾರೆ, ಕೆಲವರು ನೀವು ಅನ್ನುತ್ತಾರೆ. ನಿಮ್ಮ ಬಾಯಿಗೆ ಹೇಗೆ ಬರುತ್ತದೋ ಹಾಗೆ. ಆಮೇಲೆ ದೂರು. ಅದರಲ್ಲಿ ಊರು, ತಾರೀಕು, ದುಡ್ಡಿನ ಲೆಕ್ಕ ಎಲ್ಲ ಬರಲಿ. "ನಮಗೆ ಸಂಕಟ ಇದೆ ಕರ್ತನೇ" ಅಂದರೆ ಸಾಲದು. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಬರೆದದ್ದು ಹೀಗಿತ್ತು: "ತಂದೆಯೇ, ಇವತ್ತಿಗೆ ಐದು ದಿನ. ಅಪ್ಪಾಜಿ ಕಣ್ಣು ಬಿಟ್ಟಿಲ್ಲ. ನಲವತ್ತು ವರ್ಷ ನಿನ್ನ ಆಲಯದ ಗಂಟೆ ಬಾರಿಸಿದವರು ಅವರು. ನಿನಗೆ ಅದು ನೆನಪಿದೆಯಾ? ಅವ್ವನ ಬಳೆ ಅಡ ಇಟ್ಟಾಯಿತು. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ." ಅಷ್ಟು ಬರೆದ ಮೇಲೆ ಅತ್ತೆ. ಐದು ದಿನದಲ್ಲಿ ಅದೇ ಮೊದಲ ಅಳು.

ದೂರಿನ ನಂತರ ಬೇಡಿಕೆ. ಒಂದೇ ಒಂದು ಬೇಡಿ. ಇವತ್ತಿಗೆ ಬೇಕಾದದ್ದು. ಕೊನೆಗೆ ಭರವಸೆಯ ಒಂದು ಸಾಲು. ಅದು ಬರದಿದ್ದರೆ ಬಿಡಿ. ಬಲವಂತ ಮಾಡಬೇಡಿ. 88ನೇ ಕೀರ್ತನೆ ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಅದಕ್ಕೊಂದು ಸಂತೋಷದ ಕೊನೆ ಇಲ್ಲ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ.

ದೇವರಿಗೆ ಹೀಗೆಲ್ಲ ಅಂದರೆ ಪಾಪ ಬರುವುದಿಲ್ಲವಾ ಎಂದು ನನ್ನ ಅಕ್ಕ ಕೇಳಿದಳು. ಯೋಬನ ಪುಸ್ತಕದ ಕೊನೆಯ ಅಧ್ಯಾಯ ಓದು ಅಂದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ಅಷ್ಟೂ ಅಧ್ಯಾಯ ದೇವರನ್ನು ಪ್ರಶ್ನೆ ಮಾಡಿದ. ಅವನ ಸ್ನೇಹಿತರು ದೇವರ ಪರ ವಕಾಲತ್ತು ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಸ್ನೇಹಿತರ ಮೇಲೆ. ನನ್ನ ಸೇವಕನಾದ ಯೋಬನು ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದ ಹಾಗೆ ನೀವು ಮಾತಾಡಲಿಲ್ಲ ಎಂದು ಅವರಿಗೆ ಹೇಳಿದ. ಯೋಬ ದೇವರ ಬಗ್ಗೆ ಮಾತ್ರ ಮಾತಾಡಲಿಲ್ಲ, ದೇವರ ಜೊತೆಯೂ ಮಾತಾಡಿದ. ನಾನು ಇದನ್ನು ಹಾಗೆ ಓದುತ್ತೇನೆ.

## ಹಂತ 3: ಮಾತೇ ಬಾರದಿದ್ದರೆ ಚಿಕ್ಕ ಪ್ರಾರ್ಥನೆ

ಬರೆಯಲೂ ಆಗದ ಹೊತ್ತು ಇರುತ್ತದೆ. ಆಗ ಒಂದೇ ಸಾಲು ಸಾಕು. ನೀರಿನಲ್ಲಿ ಮುಳುಗುತ್ತಿದ್ದ ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು "ಕರ್ತನೇ, ನನ್ನನ್ನು ಕಾಪಾಡು" ಅಂತ ಮಾತ್ರ. ಮುಳುಗುವವನಿಗೆ ಅದಕ್ಕಿಂತ ಹೆಚ್ಚು ಹೇಳುವ ಸಮಯ ಎಲ್ಲಿದೆ?

5ನೇ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ, ಈಜಿಪ್ಟಿನ ಮರುಭೂಮಿಯ ಹಿರಿಯರಿಂದ ಕಲಿತ ಒಂದು ರೂಢಿಯನ್ನು ಬರೆದಿಟ್ಟರು. 70ನೇ ಕೀರ್ತನೆಯ ಮೊದಲ ವಚನವನ್ನು, ಅಂದರೆ ದೇವರೇ ನನ್ನ ಸಹಾಯಕ್ಕೆ ಬಾ, ಬೇಗ ಬಾ ಎಂಬುದನ್ನು, ಕೂತರೂ ನಿಂತರೂ, ಹಸಿವಾದರೂ ಸಿಟ್ಟು ಬಂದರೂ ಹೇಳುತ್ತಲೇ ಇರುವುದು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೊಂದು ಚಿಕ್ಕ ಪ್ರಾರ್ಥನೆ ಇದೆ: "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು." ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಎದೆ ಬಡಿದುಕೊಂಡ ಸುಂಕದವನ ಮಾತು, ದಾರಿ ಬದಿಯಲ್ಲಿ ಕೂಗಿದ ಕುರುಡನ ಮಾತು ಎರಡೂ ಇದರೊಳಗೆ ಸೇರಿವೆ.

ಮಾಡುವುದು ಹೀಗೆ. ಬೆನ್ನು ಒರಗಿಸಿ ಕೂರಿ. ಉಸಿರು ಒಳಗೆ ತೆಗೆದುಕೊಳ್ಳುವಾಗ "ಕರ್ತನಾದ ಯೇಸುವೇ" ಅನ್ನಿ. ಬಿಡುವಾಗ "ನನ್ನನ್ನು ಕರುಣಿಸು" ಅನ್ನಿ. ತುಟಿ ಅಲ್ಲಾಡಿಸಿದರೂ ಸಾಕು. ಸತ್ಯವೇದದಲ್ಲಿ ಹನ್ನಳು ಎಂಬ ಹೆಂಗಸು ದೇವಾಲಯದಲ್ಲಿ ಹೀಗೆ ತುಟಿ ಮಾತ್ರ ಅಲ್ಲಾಡಿಸುತ್ತಾ ಬೇಡಿಕೊಂಡಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ದೇವರಿಗೆ ಮಾತ್ರ ಅದು ಕೇಳಿಸಿತ್ತು. ಕಥೋಲಿಕರು ಜಪಮಾಲೆ ಹಿಡಿದರೆ ಕೈಗೂ ಒಂದು ಕೆಲಸ ಸಿಗುತ್ತದೆ. ಗಾಬರಿಯಲ್ಲಿ ಕೈ ನಡುಗುವವರಿಗೆ ಅದು ದೊಡ್ಡ ಸಹಾಯ.

ಅದೂ ಆಗದಿದ್ದರೆ? ಸುಮ್ನೆ ನರಳಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಪೌಲ, ಏನು ಬೇಡಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದಿದ್ದಾನೆ. ನಿಮ್ಮ ನಿಟ್ಟುಸಿರೂ ಲೆಕ್ಕಕ್ಕೆ ಬರುತ್ತದೆ.

## ಹಂತ 4: ಬೇಡಿ, ಆಮೇಲೆ ಬಿಟ್ಟುಕೊಡಿ. ಈ ಕ್ರಮ ತಪ್ಪಿಸಬೇಡಿ

ಯೇಸು ಸೆರೆಯಾಗುವ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟದ ರಾತ್ರಿಯನ್ನು ನಿಧಾನವಾಗಿ ಓದಿ. ಮತ್ತಾಯ 26ನೇ ಅಧ್ಯಾಯ. ನಾನು ಅದನ್ನು ಆ 19 ರಾತ್ರಿಗಳಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ಯೇಸು ಮೊದಲು ಮೂವರು ಶಿಷ್ಯರನ್ನು ಜೊತೆಗೆ ಕರೆದುಕೊಂಡು ಹೋದ. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದು ಅವರ ಮುಂದೆ ಹೇಳಿಕೊಂಡ. ಇಲ್ಲೇ ಇದ್ದು ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡ. ದೇವರ ಮಗನಿಗೇ ಜೊತೆಗೆ ಯಾರಾದರೂ ಬೇಕೆನ್ನಿಸಿತು. ಆಮೇಲೆ ಸ್ವಲ್ಪ ಮುಂದೆ ಹೋಗಿ ಬೋರಲು ಬಿದ್ದ.

ಮೊದಲ ಪ್ರಾರ್ಥನೆಯಲ್ಲಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದೆ ಕಾದಿರುವ ನೋವು, ನನ್ನನ್ನು ಬಿಟ್ಟು ಹೋಗಲಿ ಅಂದ. ಎರಡನೆಯ ಸಲ ಮಾತು ಸ್ವಲ್ಪ ಬದಲಾಗುತ್ತದೆ: ನಾನು ಕುಡಿಯದ ಹೊರತು ಇದು ಹೋಗುವ ಹಾಗಿಲ್ಲದಿದ್ದರೆ ನಿನ್ನ ಚಿತ್ತವೇ ಆಗಲಿ. ಮೂರನೆಯ ಸಲ ಅದೇ ಮಾತು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಏನೋ ನಡೆದಿದೆ. ಆದರೆ ಅದು ಬೇಡಿದ ಮೇಲೆ ನಡೆದದ್ದು.

ನಮ್ಮಲ್ಲಿ ಭಕ್ತಿವಂತರು ಇಲ್ಲೇ ಎಡವುತ್ತಾರೆ. ಶುರುವಿನಲ್ಲೇ "ನಿನ್ನ ಚಿತ್ತ ಆಗಲಿ" ಅಂದು ಮುಗಿಸಿಬಿಡುತ್ತಾರೆ. ಹಾಗೆ ಅನ್ನುವಾಗ ಒಳಗೆ ಎಷ್ಟೋ ಸಲ "ಹೇಗೂ ನೀನು ಕೊಡುವುದಿಲ್ಲ ಬಿಡು" ಎಂಬ ಕಹಿ ಇರುತ್ತದೆ. ಬೇಡಲು ನಾಚಿಕೆ ಪಡಬೇಡಿ. ಅಪ್ಪ ಬದುಕಬೇಕು, ಗಡ್ಡೆ ಕರಗಬೇಕು, ಮಗ ಮನೆಗೆ ವಾಪಸ್ ಬರಬೇಕು ಅಂತ ಬಾಯಿ ಬಿಟ್ಟು ಕೇಳಿ. ಪೌಲನೂ ತನ್ನ ದೇಹದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ. ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಎಂದು. ಮುಳ್ಳು ಹೋಗಲಿಲ್ಲ.

ಹಾಗಾಗಿ ಮೂರು ದಿನ, ಅಥವಾ ಒಂದೇ ದಿನದಲ್ಲಿ ಮೂರು ಹೊತ್ತು, ಹೀಗೆ ಮಾಡಿ. ಮೊದಲ ಹೊತ್ತು ಬೇಡಿಕೆ ಮಾತ್ರ. ಎರಡನೆಯ ಹೊತ್ತು ಬೇಡಿಕೆಯ ಜೊತೆಗೆ "ಹಾಗಾಗದಿದ್ದರೆ ನನ್ನ ಜೊತೆ ಇರು" ಎಂಬ ಮಾತು. ಮೂರನೆಯ ಹೊತ್ತು ಎರಡು ಕೈ ಬಿಚ್ಚಿ ಮೇಲಕ್ಕೆ ಹಿಡಿದು ಸುಮ್ಮನೆ ಕೂರುವುದು. ಮನಸ್ಸು ಮತ್ತೆ ಮುಷ್ಟಿ ಬಿಗಿದರೆ ಮತ್ತೆ ಮೊದಲಿಂದ. ನನಗೆ ಕೈ ಬಿಚ್ಚಲು ಹನ್ನೊಂದು ದಿನ ಬೇಕಾಯಿತು.

## ಹಂತ 5: ಸೆಳೆತ ಬಂದ ಕ್ಷಣದಲ್ಲಿ

ಈಗ ಪಾಪದ ಸೆಳೆತದ ವಿಷಯ. ಕುಡಿತ, ಜೂಜು, ಫೋನಿನಲ್ಲಿ ನೋಡಬಾರದ್ದನ್ನು ನೋಡುವುದು, ಮನೆಯವರ ಮೇಲೆ ಕೈ ಎತ್ತುವುದು, ಆಫೀಸಿನಲ್ಲಿ ಮೇಜಿನ ಕೆಳಗಿಂದ ದುಡ್ಡು, ಒಬ್ಬರ ಮೇಲಿನ ದ್ವೇಷವನ್ನು ದಿನಾ ಮೆಲುಕು ಹಾಕುವುದು. ನಿಮ್ಮದು ಯಾವುದೋ ನಿಮಗೇ ಗೊತ್ತು.

ಯಾಕೋಬ ತನ್ನ ಪತ್ರಿಕೆಯಲ್ಲಿ ಇದರ ಹುಟ್ಟನ್ನು ಬಸುರಿಗೆ ಹೋಲಿಸುತ್ತಾನೆ. ಆಸೆ ಗರ್ಭ ಧರಿಸಿ ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ. ಅಂದರೆ ನಡುವೆ ಸಮಯ ಇದೆ. ಪ್ರಾರ್ಥನೆ ಮಾಡಬೇಕಾದದ್ದು ಆ ಸಮಯದ ಮೊದಲ ಒಂದೆರಡು ನಿಮಿಷದಲ್ಲಿ. ನನ್ನ ವಿಷಯದಲ್ಲಿ ಆಟ ಶುರುವಾದ ಮೇಲೆ ಮಾಡಿದ ಒಂದು ಪ್ರಾರ್ಥನೆಯೂ ನನ್ನನ್ನು ನಿಲ್ಲಿಸಲಿಲ್ಲ. ಫೋನು ಕೈಗೆ ಬರುವ ಮೊದಲು ಮಾಡಿದ ಪ್ರಾರ್ಥನೆ ನಿಲ್ಲಿಸಿತು.

ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಇದೆ. ನಿಮ್ಮ ಸೆಳೆತ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾವ ಮನಸ್ಥಿತಿಯಲ್ಲಿ ಬರುತ್ತದೆ ಎಂದು ಒಂದು ವಾರ ಗುರುತು ಹಾಕಿ. ನನ್ನದು ರಾತ್ರಿ 11ರ ನಂತರ, ಒಬ್ಬನೇ ಇರುವಾಗ, ಬ್ಯಾಂಕಿನ ಮೆಸೇಜು ನೋಡಿದ ಮೇಲೆ. ಆಮೇಲೆ ಅದಕ್ಕೆ ಎದುರಾಗಿ ಸತ್ಯವೇದದ ಒಂದು ವಚನ ಆರಿಸಿ ಬಾಯಿಪಾಠ ಮಾಡಿ. ಅಡವಿಯಲ್ಲಿ 40 ದಿನ ಉಪವಾಸ ಇದ್ದ ಯೇಸುವನ್ನು ಸೈತಾನ ಮೂರು ಸಲ ಶೋಧಿಸಿದ. ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು, 6 ಮತ್ತು 8ನೇ ಅಧ್ಯಾಯದಿಂದ ಬಂದವು. ಮೂರೂ ಒಂದೊಂದು ವಾಕ್ಯ. ಅವನು ಸೈತಾನನ ಜೊತೆ ವಾದಕ್ಕೆ ಇಳಿಯಲಿಲ್ಲ. 4ನೇ ಶತಮಾನದಲ್ಲಿ ಎವಾಗ್ರಿಯಸ್ ಎಂಬ ಮರುಭೂಮಿಯ ಗುರು ಇದನ್ನೇ ಮಾದರಿಯಾಗಿ ಇಟ್ಟುಕೊಂಡು, ಎಂಟು ಬಗೆಯ ಕೆಟ್ಟ ಆಲೋಚನೆಗಳಿಗೆ ಎದುರುತ್ತರವಾಗಿ ಸುಮಾರು 500 ವಚನಗಳನ್ನು ಒಟ್ಟು ಮಾಡಿ ಪುಸ್ತಕ ಬರೆದರು. ನಮಗೆ ಒಂದೇ ಸಾಕು. ನನ್ನದು 23ನೇ ಕೀರ್ತನೆಯ ಮೊದಲ ವಚನ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ದುಡ್ಡಿನ ಭಯದಿಂದ ಆಡುತ್ತಿದ್ದವನಿಗೆ ಅದೇ ಸರಿಯಾದ ಮದ್ದು.

ಆ ಕ್ಷಣ ಬಂದಾಗ ಹೀಗೆ ಮಾಡಿ:

1. ಎದ್ದು ನಿಲ್ಲಿ. ಮಲಗಿಕೊಂಡು ಹೋರಾಡಬೇಡಿ.
2. ಜೋರಾಗಿ ಹೆಸರು ಹೇಳಿ: "ಕರ್ತನೇ, ನನಗೆ ಈಗ ಕುಡಿಯಬೇಕು ಅನ್ನಿಸುತ್ತಿದೆ." ಹೆಸರಿಡದ ಆಸೆಗೆ ಬಲ ಜಾಸ್ತಿ.
3. ನಿಮ್ಮ ವಚನ ಹೇಳಿ, ಒಂದೇ ಸಲ.
4. ಆ ಜಾಗ ಬಿಡಿ.

ನಾಲ್ಕನೆಯದನ್ನು ಬಿಟ್ಟರೆ ಉಳಿದ ಮೂರೂ ಕೆಲಸಕ್ಕೆ ಬರುವುದಿಲ್ಲ. ಪೋಟೀಫರನ ಮನೆಯಲ್ಲಿ ಯೋಸೇಫ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾ ಕೂರಲಿಲ್ಲ. ತನ್ನನ್ನು ಪಾಪಕ್ಕೆ ಕರೆದ ಯಜಮಾನನ ಹೆಂಡತಿಯ ಕೈಯಲ್ಲೇ ಅಂಗಿಯನ್ನು ಬಿಟ್ಟು ಓಡಿದ. ದೇವರು ಶೋಧನೆಯ ಜೊತೆ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಎಂದು ಒಂದನೇ ಕೊರಿಂಥ 10:13ರಲ್ಲಿದೆ. ಆ ದಾರಿ ಬಹಳ ಸಲ ಮನೆಯ ಮುಂಬಾಗಿಲೇ ಆಗಿರುತ್ತದೆ. ಹೊರಗೆ ಹೋಗಿ, ನಡೆಯಿರಿ, ಯಾರಿಗಾದರೂ ಫೋನು ಮಾಡಿ. ನಾನು ಆಟದ ಆ್ಯಪ್ ತೆಗೆದುಹಾಕಿದೆ, ರಾತ್ರಿ ಫೋನನ್ನು ಅವ್ವನ ಕೋಣೆಯಲ್ಲಿ ಇಡಲು ಶುರು ಮಾಡಿದೆ. ಇದೂ ಪ್ರಾರ್ಥನೆಯ ಭಾಗವೇ ಎಂದು ನಾನು ನಂಬುತ್ತೇನೆ.

## ಹಂತ 6: ಒಬ್ಬರಿಗೆ ಹೇಳಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ತೋಪಿನ ಗುಂಡು ಬಿದ್ದು ಕಾಲು ಮುರಿದುಕೊಂಡ ಸೈನಿಕನೊಬ್ಬ, ಹಾಸಿಗೆಯ ಮೇಲೆ ಮಲಗಿ ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸತೊಡಗಿದ. ಅವರೇ ಲೊಯೋಲಾದ ಸಂತ ಇಗ್ನೇಷಿಯಸ್. ಅವರು ಬರೆದ ನಿಯಮಗಳಲ್ಲಿ ಒಂದು ಹೀಗಿದೆ: ಸೈತಾನ ಕಳ್ಳ ಪ್ರೇಮಿಯ ಹಾಗೆ, ಗುಟ್ಟು ಗುಟ್ಟಾಗಿಯೇ ಇರಬೇಕೆಂದು ಬಯಸುತ್ತಾನೆ. ಹುಡುಗಿ ಅಪ್ಪನಿಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು. ಹಾಗೇ ನಾವು ಒಬ್ಬ ಒಳ್ಳೆಯ ಹಿರಿಯರಿಗೆ ಮನಸ್ಸು ಬಿಚ್ಚಿದರೆ ಸೈತಾನನ ಕೈ ಕಟ್ಟಿದ ಹಾಗೆ. ಇದು ನೂರಕ್ಕೆ ನೂರು ನಿಜ. ನಾನು ಕಟ್ಟಿ ಕಳೆದ ಮೊತ್ತವನ್ನು ನಮ್ಮ ಸಭೆಯ ಹಿರಿಯರೊಬ್ಬರಿಗೆ ಪೈಸೆ ಬಿಡದೆ ಹೇಳಿದ ದಿನ, ಆಟದ ಅರ್ಧ ಬಲ ಹೋಯಿತು.

ಕಥೋಲಿಕರಿಗೆ ಪಾಪನಿವೇದನೆ ಇದೆ. ಬೇರೆಯವರಿಗೂ ಯಾಕೋಬ 5:16 ಇದೆ: ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ. ಆದರೆ ಯಾರಿಗೆ ಹೇಳುತ್ತೀರಿ ಎಂಬುದನ್ನು ಯೋಚಿಸಿ. ನಮ್ಮಲ್ಲಿ ಪ್ರಾರ್ಥನಾ ವಿನಂತಿ ಎಂಬ ಹೆಸರಿನಲ್ಲಿ ಮನೆ ಮನೆಯ ಗುಟ್ಟು ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಇದನ್ನು ಕಂಡು ನನಗೆ ಬಹಳ ನೋವಾಗಿದೆ. ಬೇರೆಯವರ ವಿಷಯವನ್ನು ನಿಮ್ಮ ಬಳಿ ಆಡದವರನ್ನು ಹುಡುಕಿ. ಹೆಂಗಸರು ಹೆಂಗಸರಿಗೇ ಹೇಳಿಕೊಂಡರೆ ಸಲೀಸು. "ನನಗೆ ಬುದ್ಧಿ ಹೇಳಬೇಡಿ, ಕೇಳಿಸಿಕೊಂಡು ಜೊತೆಗೆ ಪ್ರಾರ್ಥನೆ ಮಾಡಿ" ಎಂದು ಮೊದಲೇ ಹೇಳಿ.

ಇನ್ನೂ ಕೆಲವು ವಿಷಯಗಳಿಗೆ ಪ್ರಾರ್ಥನೆಯ ಜೊತೆ ಬೇರೆ ಸಹಾಯವೂ ಬೇಕು. ಸಾಯಬೇಕು ಅನ್ನಿಸುತ್ತಿದ್ದರೆ ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದವರನ್ನು ಎಬ್ಬಿಸಿ ಜೊತೆಗೆ ಕೂರಿಸಿಕೊಳ್ಳಿ. ಗಂಡ ಹೊಡೆಯುತ್ತಿದ್ದರೆ ಸಹಿಸಿಕೊಂಡು ಪ್ರಾರ್ಥನೆ ಮಾಡು ಎಂದು ಹೇಳುವವರ ಮಾತು ಕೇಳಬೇಡಿ. 112ಕ್ಕೋ, ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ, ಸುರಕ್ಷಿತ ಜಾಗ ಸೇರಿದ ಮೇಲೆ ಪ್ರಾರ್ಥಿಸಿ. ಕುಡಿತ ಮೈಗೆ ಹತ್ತಿದ್ದರೆ ವೈದ್ಯರಿಲ್ಲದೆ ಒಮ್ಮೆಲೇ ಬಿಡುವುದು ಅಪಾಯ. ಮತ್ತೆ, ನಂಬಿಕೆ ಇದ್ದರೆ ಮಾತ್ರೆ ನಿಲ್ಲಿಸು ಅನ್ನುವವರು, ಇಷ್ಟು ಕಾಣಿಕೆ ಕೊಟ್ಟರೆ ಬಿಡುಗಡೆ ಅನ್ನುವವರು ಎಷ್ಟೇ ಜೋರಾಗಿ ಪ್ರಾರ್ಥನೆ ಮಾಡಲಿ, ಅವರಿಂದ ದೂರ ಇರಿ.

## ಹಂತ 7: ಬಿದ್ದರೆ, ಅದೇ ದಿನ ಎದ್ದು ಬನ್ನಿ

ಬೀಳುತ್ತೀರಿ. ನಾನೂ ಬಿದ್ದೆ, ಹಿರಿಯರಿಗೆ ಹೇಳಿದ ಮೂರು ವಾರಕ್ಕೆ. ಬಿದ್ದ ಮೇಲೆ ಬರುವ ನಾಚಿಕೆಯೇ ಎರಡನೆಯ ಶೋಧನೆ. ಸ್ವಲ್ಪ ಒಳ್ಳೆಯವನಾದ ಮೇಲೆ ಪ್ರಾರ್ಥನೆ ಮಾಡೋಣ, ಈ ಭಾನುವಾರ ಆಲಯಕ್ಕೆ ಹೋಗುವುದು ಬೇಡ ಅನ್ನಿಸುತ್ತದೆ. ಆಗ ಕ್ಷಮೆ ಬೇಡುವ 51ನೇ ಕೀರ್ತನೆ ತೆಗೆದು ಜೋರಾಗಿ ಓದಿ, ಮಧ್ಯದಲ್ಲಿ ನಿಮ್ಮ ತಪ್ಪಿನ ಹೆಸರು ಸೇರಿಸಿ.

ಪೇತ್ರ ಮೂರು ಸಲ ನನಗೆ ಯೇಸು ಗೊತ್ತೇ ಇಲ್ಲ ಅಂದದ್ದು ಒಂದು ಕೆಂಡದ ಬೆಂಕಿಯ ಹತ್ತಿರ. ಪುನರುತ್ಥಾನದ ನಂತರ ಸಮುದ್ರದ ದಡದಲ್ಲಿ ಯೇಸು ಅವನಿಗಾಗಿ ಕಾದದ್ದೂ ಕೆಂಡದ ಬೆಂಕಿ ಹಾಕಿಕೊಂಡೇ. ಮೀನು, ರೊಟ್ಟಿ ಇತ್ತು. ಬನ್ನಿ ಊಟ ಮಾಡಿ ಅಂದ. ಊಟ ಆದ ಮೇಲೆ ಮೂರು ಸಲ, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಕೇಳಿದ. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವೂ ಕೇಳಲಿಲ್ಲ.

## ಹಂತ 8: ದಿನಾ ಮಾಡುವ ಚಿಕ್ಕ ರೂಢಿ

ಕಷ್ಟ ವಾರಗಟ್ಟಲೆ, ವರ್ಷಗಟ್ಟಲೆ ಇದ್ದರೆ ಭಾವನೆಯನ್ನು ನಂಬಿಕೊಂಡು ಪ್ರಾರ್ಥನೆ ಮಾಡಲು ಆಗುವುದಿಲ್ಲ. ಒಂದು ರೂಢಿ ಬೇಕು, ಅದು ಚಿಕ್ಕದಿರಬೇಕು.

ಬೆಳಿಗ್ಗೆ ಕರ್ತನ ಪ್ರಾರ್ಥನೆ ಹೇಳಿ, ಆದರೆ ಬಿಡಿಸಿ ಬಿಡಿಸಿ. 1535ರಲ್ಲಿ ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ತಮ್ಮ ಕ್ಷೌರಿಕ ಪೀಟರ್ ಕೇಳಿದ್ದಕ್ಕೆ ಪ್ರಾರ್ಥನೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದುಕೊಟ್ಟರು. ಅದರಲ್ಲಿ ಇರುವ ಉಪಾಯ ಇದೇ. ಒಂದೊಂದು ಬಿನ್ನಹ ಹೇಳಿ ನಿಲ್ಲಿ, ಅದನ್ನು ನಿಮ್ಮ ಇವತ್ತಿನ ದಿನಕ್ಕೆ ಹೊಂದಿಸಿ. "ಅನುದಿನದ ಆಹಾರ" ಅಂದಾಗ ರೇಷನ್ನು, ಕಂತು, ಔಷಧಿ ಎಲ್ಲ ಹೇಳಿ. "ಕ್ಷಮಿಸು" ಅಂದಾಗ ಒಬ್ಬರ ಹೆಸರು ಹೇಳಿ. "ಶೋಧನೆ" ಅಂದಾಗ ಇವತ್ತು ಕಷ್ಟವಾಗುವ ಗಂಟೆಯನ್ನು ಹೇಳಿ. ಐದು ನಿಮಿಷ ಸಾಕು.

ರಾತ್ರಿ ದಿನವನ್ನು ಒಮ್ಮೆ ಹಿಂದಿರುಗಿ ನೋಡಿ. ಎಲ್ಲಿ ದೇವರ ಸಹಾಯ ಸಿಕ್ಕಿತು, ಎಲ್ಲಿ ಜಾರಿದೆ, ನಾಳೆ ಏನು ಬೇಕು. ಇದೂ ಇಗ್ನೇಷಿಯಸ್ ಕಲಿಸಿದ ರೂಢಿ. ಅವರದೇ ಇನ್ನೊಂದು ಮಾತನ್ನು ನಾನು ಗೋಡೆಗೆ ಅಂಟಿಸಿಕೊಂಡಿದ್ದೇನೆ: ಮನಸ್ಸು ಒಣಗಿ ಕತ್ತಲಾಗಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರಗಳನ್ನು ಬದಲಿಸಬಾರದು. ಅಂಥ ದಿನ ಕೆಲಸ ಬಿಡುವುದು, ಮನೆ ಬಿಡುವುದು, ಸಭೆ ಬಿಡುವುದು ಯಾವುದೂ ಬೇಡ. ಪ್ರಾರ್ಥನೆ ಬೇಸರವಾದ ದಿನ ಐದು ನಿಮಿಷದ ಬದಲು ಆರು ನಿಮಿಷ ಕೂರಿ ಅನ್ನುವುದೂ ಅವರ ಸಲಹೆಯ ಸಾರವೇ.

## ಬೇರೆಯವರ ಕಷ್ಟದಲ್ಲಿ ಪ್ರಾರ್ಥನೆ ಮಾಡುವಾಗ

ಯೋಬನ ಸ್ನೇಹಿತರು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದರೆ ಮೊದಲ ಏಳು ದಿನ ನೆಲದ ಮೇಲೆ ಅವನ ಜೊತೆ ಮಾತಾಡದೆ ಕೂತದ್ದು. ಆಸ್ಪತ್ರೆಗೆ ಹೋದರೆ ಮೊದಲು ಕೂರಿ. ಪ್ರಾರ್ಥನೆ ಮಾಡಲಾ ಎಂದು ಕೇಳಿ. ಬೇಡ ಅಂದರೆ ಬೇಸರ ಪಡಬೇಡಿ. ಮಾಡಿದರೆ ಒಂದು ನಿಮಿಷ, ಮೆಲುದನಿಯಲ್ಲಿ. "ಇದರಲ್ಲೂ ದೇವರ ಯೋಜನೆ ಇದೆ" ಎಂಬ ಮಾತು ನಿಮ್ಮ ಬಾಯಿಂದ ಬರುವುದು ಬೇಡ. ಬರುವಾಗ ಫ್ಲಾಸ್ಕಿನಲ್ಲಿ ಚಹಾ ತನ್ನಿ.

## ಮಲಗುವ ಮುಂಚೆ ಒಂದು ಸಾಲು

31ನೇ ಕೀರ್ತನೆಯ 5ನೇ ವಚನದಲ್ಲಿ ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬ ಮಾತಿದೆ. ಯೆಹೂದ್ಯರು ರಾತ್ರಿ ಮಲಗುವಾಗ ಹೇಳುವ ಪ್ರಾರ್ಥನೆಯಲ್ಲಿ ಇದು ಇಂದಿಗೂ ಇದೆ. ಶಿಲುಬೆಯ ಮೇಲೆ ಯೇಸು ಇದಕ್ಕೆ "ತಂದೆಯೇ" ಎಂದು ಸೇರಿಸಿ ಹೇಳಿ ಪ್ರಾಣಬಿಟ್ಟ ಎಂದು ಲೂಕ ಬರೆಯುತ್ತಾನೆ. ಮಠಗಳಲ್ಲಿ ರಾತ್ರಿಯ ಕೊನೆಯ ಪ್ರಾರ್ಥನೆಯಲ್ಲೂ ಇದೇ ಸಾಲು ಬರುತ್ತದೆ. ನಿದ್ದೆ ಬಾರದಿದ್ದರೆ ದೀಪ ಆರಿಸಿ, ಅಂಗೈ ಬಿಚ್ಚಿ, ಇದನ್ನು ಹೇಳಿ. ಮನೆಯವರ ಹೆಸರು ಒಂದೊಂದಾಗಿ ಸೇರಿಸಿ: ಅವ್ವನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ, ಮಕ್ಕಳನ್ನು ಒಪ್ಪಿಸುತ್ತೇನೆ, ಸಾಲವನ್ನು ಒಪ್ಪಿಸುತ್ತೇನೆ.

19ನೆಯ ರಾತ್ರಿ ಎರಡು ಗಂಟೆಗೆ ನರ್ಸು ನನ್ನನ್ನು ಒಳಗೆ ಕರೆದರು. ಅವ್ವ ಬಂದು ತಲುಪಲು ಇನ್ನೂ ಹೊತ್ತಿತ್ತು. ಅಪ್ಪಾಜಿಯ ಕಿವಿಯ ಹತ್ತಿರ ಬಾಗಿ ಈ ಸಾಲನ್ನು ಹೇಳಿದೆ. "ನನ್ನ ಆತ್ಮವನ್ನು" ಅನ್ನುವ ಬದಲು "ಅಪ್ಪಾಜಿಯನ್ನು" ಅಂದೆ. ಚಿಕ್ಕವನಿದ್ದಾಗ ನನ್ನನ್ನು ಮಲಗಿಸುವಾಗ ಅವರು ನನ್ನ ಹೆಸರು ಸೇರಿಸಿ ಹೀಗೇ ಹೇಳುತ್ತಿದ್ದರು.